ಹೆಸ್ಟರಳ ಹೊಲಕ್ಕೆ ಗಿರಾಕಿ

ಈಗಲೇ ಗಾಡಿ ತಿರುಗಿಸಿಬಿಟ್ಟರೆ? ಕುದುರೆಯ ಕಾಲು ಉಳುಕಿದೆ ಎನ್ನಬಹುದು, ಮುಂದೆ ಹಳ್ಳ ತುಂಬಿದೆ ಎನ್ನಬಹುದು. ಆದರೆ ಹೆಸ್ಟರ್‌ಗೆ ಏನು ಹೇಳುವುದು?

ಲಿಯಾಂಡರ್ ಪ್ರುಯಿಟ್ ಹೀಗೆ ಯೋಚಿಸುತ್ತಲೇ ಗಾಡಿಯನ್ನು ಮುಂದಕ್ಕೆ ಹೊಡೆಯುತ್ತಿದ್ದ. ಓಹಿಯೋದ ಚರ್ಚುಗಳಲ್ಲಿ, ಸಂತೆಗಳಲ್ಲಿ ನಿಂತು 'ಪಶ್ಚಿಮಕ್ಕೆ ಬನ್ನಿ' ಎಂದು ವರ್ಷಗಟ್ಟಲೆ ಕೂಗಿದವನು ಅವನು. ಆ ಕೂಗನ್ನು ನಂಬಿ ಬಂದವರು ನೆಬ್ರಾಸ್ಕಾದ ಈ ಬಯಲಿನಲ್ಲಿ ಊರು ಕಟ್ಟಿ, ಅವನನ್ನೇ ಶಾಸನಸಭೆಗೆ ಆರಿಸಿ ಕಳಿಸಿದ್ದರು. ಹೆಸ್ಟರ್ ಸ್ಟ್ರೌಡಳ ಗಂಡನೂ ಹಾಗೆ ಬಂದವನೇ. ಈಗ ಮನೆಯ ಹಿಂದೆ ಮಣ್ಣಾಗಿದ್ದಾನೆ.

ಈ ಬೇಸಿಗೆಯಲ್ಲಿ ಮಿಡತೆಗಳು ಬಂದಿದ್ದವು. ಮೆಕ್ಕೆಜೋಳ ತಿಂದವು, ಈರುಳ್ಳಿಯನ್ನು ನೆಲದೊಳಗಿಂದಲೇ ತಿಂದು ಬರೀ ಕುಳಿ ಉಳಿಸಿದವು, ಕೊನೆಗೆ ಬೆವರಿನ ಉಪ್ಪಿಗಾಗಿ ಗುದ್ದಲಿಯ ಕಾವನ್ನೂ ಕೆರೆದವು. ಊರಿಗೆ ಊರೇ ಹಸಿದಿತ್ತು. ಹಸಿವಿದೆ ಎಂದರೆ ಹೊಸಬರು ಬರುವುದಿಲ್ಲ. ಹೊಸಬರು ಬಾರದಿದ್ದರೆ ರೈಲು ನಿಲ್ಲುವುದಿಲ್ಲ. ರೈಲು ನಿಲ್ಲದಿದ್ದರೆ ಊರೇ ಇಲ್ಲ. ಅದಕ್ಕೇ ಶಾಸನಸಭೆಯಲ್ಲಿ ಪರಿಹಾರದ ಮಾತು ಬಂದಾಗ ಲಿಯಾಂಡರ್ ಎದ್ದು ನಿಂತು, 'ನಮ್ಮ ಜಿಲ್ಲೆಗೆ ಯಾರ ಭಿಕ್ಷೆಯೂ ಬೇಡ' ಎಂದಿದ್ದ. ಚಪ್ಪಾಳೆ ಬಿದ್ದಿತ್ತು.

ಹಿಂದಿನ ಸೀಟಿನಲ್ಲಿ ಹೆಸ್ಟರಳ ಹೊಲ ನೋಡಲೆಂದು ಅಂದಿನ ರೈಲಿನಿಂದ ಇಳಿದ ಆಸಾ ಫಿಸ್ಕ್, ಪಕ್ಕದಲ್ಲಿ ಅವನ ತುಂಬು ಬಸುರಿ ಹೆಂಡತಿ ಲವೀನಿಯಾ.

"ಪೇಪರಲ್ಲಿ ಮಿಡತೆ ಅಂತ ಏನೋ ಬರ್ದಿದ್ರಲ್ಲ, ಸಾಹೇಬ್ರೆ?" ಎಂದ ಫಿಸ್ಕ್.

"ಅದು ಪಕ್ಕದ ಜಿಲ್ಲೇಲಿ."

ಪಕ್ಕದ ಜಿಲ್ಲೆಯವರೂ ಹಾಗೆಯೇ ಹೇಳುತ್ತಿದ್ದರು.

"ಕೇಳಿಸ್ಕೊಂಡ್ಯಾ? ಸುಮ್ನೆ ಹೆದರ್ತಿದ್ದೆ."

"ನಾನೆಲ್ಲಿ ಹೆದರಿದ್ದೆ? ಹೆದರಿದ್ದು ನಿಮ್ಮಮ್ಮ," ಲವೀನಿಯಾ ನಕ್ಕಳು. "'ಅವನಿಗಂತೂ ತಲೆ ಕೆಟ್ಟಿದೆ, ನಿಂಗೂ ಕೆಡ್ತೇನೇ?' ಅಂದ್ರು."

ಹೆಸ್ಟರ್ ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಯನ್ನು ಗುಡಿಸಿ, ಇಬ್ಬರು ಮಕ್ಕಳ ತಲೆ ಬಾಚಿ ಬೆಂಚಿನ ಮೇಲೆ ಕೂರಿಸಿದ್ದಳು. ಲಿಯಾಂಡರ್ ಕಳಿಸಿಕೊಟ್ಟಿದ್ದ ಹಿಟ್ಟಿನಲ್ಲಿ ಒಣ ಸೇಬಿನ ಪೈ ಮಾಡಿದ್ದಳು. ಲವೀನಿಯಾ ಮಕ್ಕಳಿಗೂ ಒಂದು ತುಂಡು ಕತ್ತರಿಸಹೋದಾಗ ಹೆಸ್ಟರ್ ತಡೆದಳು.

"ಬೇಡಮ್ಮ, ಈಗಷ್ಟೇ ಹೊಟ್ಟೆ ಬಿರಿಯೋ ಹಾಗೆ ಉಂಡಿದಾವೆ."

ಮಕ್ಕಳು ತಟ್ಟೆಯ ಕಡೆ ನೋಡಲಿಲ್ಲ. ನೋಡಬಾರದೆಂದು ಅವಕ್ಕೆ ಅಮ್ಮ ಹೇಳಿಕೊಟ್ಟಿದ್ದಳು. ಲಿಯಾಂಡರ್‌ಗೆ ಕೂರಲಾಗಲಿಲ್ಲ; ಬಾವಿಯ ಹತ್ತಿರ ಹೋಗಿ ನಿಂತ. ಹೆಸ್ಟರ್ ಹಿಂದೆಯೇ ಬಂದಳು.

"ಏನ್ರೀ ಶಾಸಕರೇ, ಭಾಷಣ ಮರ್ತೋಯ್ತಾ?"

"ಹೆಸ್ಟರ್, ಆ ಹುಡುಗಿ ಬಸುರಿ."

"ನಾನೂ ಬಸುರಿಯಾಗೇ ಬಂದಿದ್ದೆ. ಆಗ ನಿಮ್ಗೆ ಕಣ್ಣು ಕಾಣ್ಸಿರ್ಲಿಲ್ವಾ?"

ಅವನು ಬಾವಿಯೊಳಗೆ ನೋಡಿದ.

"ಹಿಮ ಬೀಳೋಕ್ಮುಂಚೆ ಈ ಮಕ್ಕಳೆರಡನ್ನೂ ನಮ್ಮಪ್ಪನ ಮನೆ ಮುಟ್ಟಿಸ್ಬೇಕು. ಈ ಹೊಲ ಮಾರ್ದೆ ರೈಲು ಹತ್ತೋಕಾಗಲ್ಲ," ಅವಳ ದನಿ ಇಳಿಯಿತು. "ನೀವೇನೂ ಸುಳ್ಳು ಹೇಳ್ಬೇಡಿ. ಬಾಯ್ಮುಚ್ಕೊಂಡಿರಿ, ಸಾಕು. ಅಷ್ಟಾದ್ರೂ ಮಾಡಿ ನಮ್ಗೆ."

ಬಾಯಿ ಬಿಟ್ಟರೆ ಈ ಮಕ್ಕಳು ಚಳಿಗಾಲ ದಾಟುವುದಿಲ್ಲ. ಬಿಡದಿದ್ದರೆ ಬರುವ ವರ್ಷ ಇದೇ ಬೆಂಚಿನ ಮೇಲೆ ಇನ್ನೊಂದು ಮಗು. ತೂಗಿ ನೋಡಲು ಅವನ ಬಳಿ ತಕ್ಕಡಿ ಇರಲಿಲ್ಲ. ಅಷ್ಟು ಹೊತ್ತಿಗೆ ಹೆಂಡತಿಯೊಡನೆ ಹೊಲ ನೋಡಲು ಇಳಿದಿದ್ದ ಫಿಸ್ಕ್ ಅಲ್ಲಿಂದ ಕೂಗಿದ.

ಫಿಸ್ಕ್ ಬದುವಿನಲ್ಲಿ ಮೊಣಕಾಲೂರಿ ಚಾಕುವಿನಿಂದ ನೆಲ ಕೆದಕಿ, ಬೊಗಸೆ ತುಂಬ ಕರಿಮಣ್ಣು ಎತ್ತಿ ಮೂಸುತ್ತಿದ್ದ. ಮಣ್ಣಿನ ತುಂಬ ಅಕ್ಕಿಕಾಳಿನಂಥವು ಒಂದಕ್ಕೊಂದು ಅಂಟಿಕೊಂಡಿದ್ದವು.

"ಇದೇನು ಸಾಹೇಬ್ರೆ?"

ಲವೀನಿಯಾಳೂ ಬಗ್ಗಿ ನೋಡಿ, ಉತ್ತರಕ್ಕಾಗಿ ಲಿಯಾಂಡರ್‌ನ ಮುಖ ನೋಡಿದಳು. ಬಾಗಿಲಲ್ಲಿ ಹೆಸ್ಟರ್ ಅಲುಗಾಡದೆ ನಿಂತಿದ್ದಳು. ಲಿಯಾಂಡರ್ ಟೋಪಿ ತೆಗೆದ. ಅದರೊಳಗೆ ನೋಡಿದ. ಮತ್ತೆ ಹಾಕಿಕೊಂಡ.

"ಯಾವ್ದೋ ಹುಲ್ಲಿನ ಬೀಜ ಇರ್ಬೇಕು ಬಿಡೇ," ಎಂದ ಫಿಸ್ಕ್ ಹೆಂಡತಿಗೆ. "ಎಂಥಾ ಮಣ್ಣು ನೋಡು! ಆಯ್ತು ಸಾಹೇಬ್ರೆ, ಆ ತಾಯಿಗೆ ಹೇಳ್ಬಿಡಿ, ಹೊಲ ನಾವೇ ತಗೊಳ್ತೀವಿ."

ಅವನು ಮಣ್ಣಾದ ಕೈಯನ್ನೇ ಚಾಚಿದ. ಲಿಯಾಂಡರ್ ಅದನ್ನು ಹಿಡಿದು ಕುಲುಕಿದ.

ಅವು ಮಿಡತೆಯ ಮೊಟ್ಟೆಗಳು, ವಸಂತದಲ್ಲಿ ಒಡೆಯುತ್ತವೆ ಎಂದು ಅವನು ಹೇಳಲೇ ಇಲ್ಲ.