ಕರಿಯ ಕುಡಿಯದ ನೀರು

ಬೆಚ್ಚಗೆ ಏನೋ ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯುತ್ತಿದೆ, ಕಣ್ಣೀರೋ ಸಿಂಬಳವೋ, ಎರಡೂ ಇರಬೇಕು, ಮೊಮ್ಮಗಳು ಅತ್ತರೆ ಜಿಪುಣತನ ಮಾಡುವವಳಲ್ಲ — ಅಯ್ಯೋ ನನ್ನ ಮೆಣಸಿನಕಾಯಿ, ಯಾರೇ ನಿನ್ನ ಬೈದೋರು, ಹೇಳು, ಅವರ ಮೀಸೆ ಕಿತ್ತು ಪೊರಕೆ ಮಾಡೋಣ, ಎಂದು ಕುರಿಗಾರ ಅವಳ ಬೆನ್ನು ತಟ್ಟುತ್ತಾನೆ, ದೊಡ್ಡಿಯಲ್ಲಿ ಕುರಿಗಳು ಮೆಲುಕು ಹಾಕುವುದು ಕೇಳುತ್ತದೆ, ನಾಯಿ ಕರಿಯನ ಸದ್ದಿಲ್ಲ, ಸಂಜೆ ಹಗ್ಗ ಕಡಿದುಕೊಂಡು ಹೋದದ್ದು, ಹಸಿವಾದರೆ ಬರುತ್ತೆ. ಮಗಳು ಗಿರಣಿಯ ರಾತ್ರಿಪಾಳಿಗೆ ಹೊರಟಾಗಲೂ ಕೂಸು ಹೀಗೇ ಅಳುತ್ತಿತ್ತು, ದವಡೆ ಹಲ್ಲು ಬರ್ತಿರಬೇಕು ಕಣಪ್ಪ, ಸ್ವಲ್ಪ ಆಡಿಸು, ಮಲಗ್ತಾಳೆ, ಅಂದಳು, ಹಲ್ಲೇ ಇರಬೇಕು. ಕರಿಯಂಗೆ ಠೂ, ಎನ್ನುತ್ತಾಳೆ ಕೂಸು ಮೂಗೆಳೆದು. ಅಲಲಾ, ಇಷ್ಟು ದಿನ ಅವನ ಬೆನ್ನ ಮೇಲೆ ಸವಾರಿ ಮಾಡ್ದೋಳು, ಈಗ ಠೂನಾ, ಏನ್ ಮಾಡ್ದ ಆ ಕಳ್ಳ? ನೀರು ಕೊಟ್ಟೆ, ಬೇಡಂತೆ. ಪಾಪ, ಹೇಗೆ ಕುಡಿದೀತು, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆಯಲ್ಲ, ಮಧ್ಯಾಹ್ನ ದವಡೆ ಜೋತು, ಜೊಲ್ಲು ಸುರಿಸುತ್ತ, ಬೇರೆ ಯಾವುದೋ ನಾಯಿಯಂತೆ ಒಡಕು ದನಿಯಲ್ಲಿ ಬೊಗಳುತ್ತಿತ್ತು, ತಾನೇ ಮಂಡಿಗಳ ನಡುವೆ ಅದರ ತಲೆ ಅದುಮಿ ಗಂಟಲಿಗೆ ಬೆರಳು ಹಾಕಿ ತಡಕಿದ್ದ, ಎಷ್ಟೋ ನಾಯಿಗಳಿಗೆ ಹಾಗೆ ತೆಗೆದ ಕೈ ಅದು — ಮೂಳೆ ಸಿಗಲಿಲ್ಲ, ಹಲ್ಲು ತಾಗಿ ಗೆಣ್ಣು ತರಚಿತು, ಅಂಗಿಗೆ ಒರೆಸಿಕೊಂಡ. ಮೂಳೆ ಇರಲೇ ಇಲ್ಲ. ಇರಲಿ, ಈಗ ಯಾಕೆ ಅದು, ನೋಡು ನೋಡು, ತಾತನೇ ಕರಿಯ, ಬೌ ಬೌ, ನಾಲ್ಕು ಕಾಲಿನ ಮೇಲೆ ಕೋಣೆಯೆಲ್ಲ ಸುತ್ತುತ್ತಾನೆ, ಮಂಡಿ ಕಟಕಟ ಎನ್ನುತ್ತದೆ, ಲಪಲಪ ಎಂದು ಗಾಳಿಯನ್ನೇ ನೆಕ್ಕಿ ನೀರು ಕುಡಿಯುತ್ತಾನೆ, ಅಳುವಿನ ಮಧ್ಯೆ ಕೂಸಿಗೆ ಕಿಲಕಿಲ ನಗು, ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, ಹಂಗಲ್ಲ ತಾತ, ನಾನು ಕರಿಯ, ಎಂದು ತಾನೇ ನೆಲಕ್ಕೆ ಕೈಯೂರುತ್ತಾಳೆ, ಬಾಯಿ ತೆರೆದು ನಾಲಗೆ ಜೋತಾಡಿಸುತ್ತಾಳೆ, ಅವನು ಬೊಗಸೆಯಲ್ಲಿ ಇಲ್ಲದ ನೀರು ಹಿಡಿದರೆ ಬೆಚ್ಚಿ ಮುಖ ತಿರುಗಿಸುತ್ತಾಳೆ, ಹಿಂದಕ್ಕೆ ಸರಿದು, ಸುತ್ತಿ ಬಂದು, ಪುಟ್ಟ ಹಲ್ಲಲ್ಲಿ ಅವನ ಹಿಮ್ಮಡಿ ಕಚ್ಚಿ, ಹಿಂಗೆ, ಎನ್ನುತ್ತಾಳೆ.

ಅಯ್ಯೋ ಸತ್ತೆ, ಎಂದು ಅವನು ನಗುತ್ತಾನೆ, ನಗು ನಿಲ್ಲಬೇಕಾದಲ್ಲಿ ನಿಲ್ಲದೆ ಒಂದಿಷ್ಟು ಹೊತ್ತು ತಾನೇ ಹೊರಡುತ್ತಿರುತ್ತದೆ. ಎಲ್ಲಿ, ನನ್ನ ಕರಿಯಮ್ಮನ ಕಾಲು ತೋರಿಸು — ದೀಪದ ಹತ್ತಿರ, ಹಿಮ್ಮಡಿಯ ಮೇಲೆ ಎರಡು ಕೆಂಪು ಚುಕ್ಕೆ, ಸಂಜೆ ಅವನೇ ಕಂಡಿದ್ದ, ಮುಳ್ಳು ಚುಚ್ಚಿದೆ ಅಂತ ಉಗುಳು ಹಚ್ಚಿ ಉಜ್ಜಿದ್ದ, ಗೆಣ್ಣು ತರಚಿದ ಈ ಕೈಯಲ್ಲೇ. ಹುಚ್ಚು ಅನ್ನೋ ಮಾತು ಬಾಯಿಗೆ ತರಬಾರದು, ಚಿಕ್ಕವನಿದ್ದಾಗ ಪಕ್ಕದ ಮನೆಯ ಗಾಡಿಯವನನ್ನು ನಾಯಿ ಕಚ್ಚಿತ್ತು, ತಿಂಗಳುಗಟ್ಟಲೆ ಏನೂ ಇಲ್ಲ, ಚೆನ್ನಾಗೇ ಇದ್ದ, ಆಮೇಲೆ ಒಂದಿನ ನೀರು ಕೊಡ್ರೋ ಎಂದವನು ಲೋಟ ಹತ್ತಿರ ಬಂದದ್ದೇ ಚೀರಿಕೊಂಡ, ಹೊರಗಿನಿಂದ ಅಗುಳಿ ಹಾಕಿದ್ದರು, ಒಳಗಿನ ಆ ಸದ್ದು, ನೋಡಬೇಡ ನಡಿ ಎಂದು ಅಪ್ಪ ಕಣ್ಣು ಮುಚ್ಚಿದ್ದ, ಕಿವಿ ಮುಚ್ಚಿರಲಿಲ್ಲ. ಆಗ ಹತ್ತಿರದಲ್ಲೆಲ್ಲೂ ಅದಕ್ಕೆ ಸೂಜಿಯಿರಲಿಲ್ಲ, ಈಗ ಇದೆ, ಪೇಟೆಯ ಆಸ್ಪತ್ರೆಯಲ್ಲಿ ಇದೆ, ರಾತ್ರಿಯೂ ಬಾಗಿಲು ತೆಗೆದಿರುತ್ತೆ, ಇರಬೇಕು. ಬಾರೇ ಮೆಣಸಿನಕಾಯಿ, ಕಾಲಿಗೆ ಸ್ನಾನ, ಸೋಪು ತಿಕ್ಕುತ್ತಾನೆ, ನೀರು ಹುಯ್ಯುತ್ತಾನೆ, ಮತ್ತೆ ಸೋಪು, ಕಚಗುಳಿ ತಾತ, ಎಂದು ಕೂಸು ಕುಣಿಯುತ್ತದೆ, ಅವನು ತನ್ನ ಗೆಣ್ಣನ್ನೂ ತಿಕ್ಕುತ್ತಾನೆ, ಎಲ್ಲಿಗೆ ತಾತ? ಸವಾರಿ, ಕುದುರೆ ಸವಾರಿ, ಕಂಬಳಿ ಹೊದ್ದುಕೋ, ಕತ್ತು ಗಟ್ಟಿ ಹಿಡ್ಕೋ, ದಾರಿಯಲ್ಲಿ ಅದು ಎಲ್ಲಾದರೂ ನಿಂತಿದ್ದರೆ, ಕೋಲು ಎಲ್ಲಿ, ಲಾಟೀನು ಎತ್ತು, ಟಕಟಕ ಟಕಟಕ, ಕುದುರೆ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿಯುತ್ತದೆ, ನಿಲ್ಲುತ್ತದೆ. ಹುಣಸೆ ಕಟ್ಟಿಗೆಯ ಗೂಟಕ್ಕೆ ಕಡಿದ ಹಗ್ಗ, ಪಕ್ಕದಲ್ಲಿ ಕೂಸು ತುಂಬಿಸಿಟ್ಟ ಬೋಗುಣಿ. ನೋಡು, ಇನ್ನೂ ಕುಡಿದಿಲ್ಲ, ಎನ್ನುತ್ತದೆ ಬೆನ್ನ ಮೇಲಿನ ಬೆಚ್ಚಗಿನ ಉಸಿರು, ನಂಗೆ ಬಾಯಾರಿಕೆ ತಾತ — ಕೊಡ್ತೀನಿ ಕಂದ, ಕೊಡ್ತೀನಿ, ಎನ್ನುತ್ತಾನೆ, ಲಾಟೀನು ಬೋಗುಣಿಯ ಹತ್ತಿರ ಹಿಡಿಯುತ್ತಾನೆ, ಅಂಚಿನವರೆಗೂ ನೀರು, ಲಾಟೀನಿನ ಬೆಳಕು ಅದರಲ್ಲಿ ಅಲುಗದೆ ನಿಂತಿದೆ, ಅಂಚಿನವರೆಗೂ ನೀರು.