ಕೋಣೆ ಮರೆಯುವ ತನಕ

ಮುಳ್ಳು ಮತ್ತೆ ಅಲುಗಿತು.

ಎಸಿಯದೇ ತಪ್ಪು ಎಂದು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ತೀರ್ಪು ಕೊಟ್ಟಳು. ತೊಡೆಯ ಮೇಲೆ ಕೈಯಿಟ್ಟು, ಉಸಿರನ್ನು ಹಗುರ ಮಾಡಿಕೊಂಡು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನೇ ನೋಡುತ್ತ ಕುಳಿತಳು. ಒಂದು ತಟ್ಟೆಯಲ್ಲಿ ಪ್ರಯೋಗಾಲಯದ ಮೂಲ ತೂಕ. ಇನ್ನೊಂದರಲ್ಲಿ ಅದರೊಡನೆ ಹೋಲಿಸಬೇಕಾದ ಹೊಸ ತೂಕದ ಬಟ್ಟು. ಅಂಗಡಿಗಳಲ್ಲಿ, ಔಷಧದ ಕಾರ್ಖಾನೆಗಳಲ್ಲಿ, ಚಿನ್ನದ ಮಳಿಗೆಗಳಲ್ಲಿ ಇರುವ ತೂಕಗಳೆಲ್ಲ ಈ ಮೂಲ ತೂಕದ ಮಕ್ಕಳು, ಮೊಮ್ಮಕ್ಕಳು.

ಅವಳು ತೂಗಿ ಕೊಟ್ಟ ಒಂದು ಬಟ್ಟೂ ಇಷ್ಟು ವರ್ಷಗಳಲ್ಲಿ ವಾಪಸು ಬಂದಿರಲಿಲ್ಲ. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ಬೆನ್ನ ಹಿಂದೆ ಎಲ್ಲರೂ ಅವಳನ್ನು ತಕ್ಕಡಿ ಮೇಡಂ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಹಿತವಾಗಿಯೂ ಇತ್ತು.

ಕೆಲಸ ಕಲಿಸಿದ ಮುದುಕರು ಒಂದು ಪದ್ಧತಿ ಹೇಳಿಕೊಟ್ಟಿದ್ದರು. ಒಳಗೆ ಹೋದ ಕೂಡಲೇ ತೂಗಬಾರದು. ಮೈಯ ಶಾಖಕ್ಕೆ ಗಾಳಿ ಏಳುತ್ತದೆ, ಗಾಳಿಗೆ ತಟ್ಟೆ ಅಲುಗುತ್ತದೆ. "ಕೋಣೆ ನಿನ್ನನ್ನ ಮರೆಯೋ ತನಕ ಸುಮ್ನೆ ಕೂತಿರಮ್ಮ" ಎನ್ನುತ್ತಿದ್ದರು. ಹಾಗೆ ಕೂರಲಾರದವರಿಗೆಂದು ಗೋಡೆ ಕೊರೆದು ಉದ್ದನೆಯ ಕೋಲೊಂದನ್ನು ಇಟ್ಟಿದ್ದರು. ಹೊರಗೆ ನಿಂತು ಅದರ ಹಿಡಿ ತಿರುಗಿಸಿದರೆ ತಕ್ಕಡಿ ನಡೆಯುತ್ತಿತ್ತು. ಬಂದವರೆಲ್ಲ ಕೋಲನ್ನೇ ಹಿಡಿದರು. ಅವಳೊಬ್ಬಳು ಒಳಗೆ ಕೂತಳು. ಕೋಣೆ ಅವಳನ್ನು ಬಹಳ ಬೇಗ ಮರೆಯುತ್ತಿತ್ತು. ಮರೆಸಿಕೊಳ್ಳುವುದಕ್ಕೂ ಜಂಬ ಪಡುವವರಿದ್ದಾರೆಯೇ ಎಂದು ಗಂಡ ಒಮ್ಮೆ ನಕ್ಕಿದ್ದ. ಇದ್ದಾರೆ ಎಂದು ಅವಳು ನಗದೆ ಹೇಳಿದ್ದಳು.

ಈಗ ಆ ಬಿಸಿ ಬಂತು. ಎದೆಯ ನಡುವಿನಿಂದ ಹೊರಟು ಕತ್ತು, ಕಿವಿ, ಕೂದಲ ಬುಡ. ಯಾರೋ ಒಳಗೆ ಒಲೆ ಹಚ್ಚಿ ಬಾಗಿಲು ಮುಚ್ಚಿಕೊಂಡು ಹೋದ ಹಾಗೆ. ಅವಳು ಕೂದಲೆಳೆಯಷ್ಟೂ ಕದಲಲಿಲ್ಲ. ಕದಲಿದ್ದು ಮುಳ್ಳು.

"ಮೇಡಂ, ಮೆಕ್ಯಾನಿಕ್ ಬಂದು ನೋಡ್ದ. ಎಸಿ ಸರಿಯಾಗೇ ಇದೆಯಂತೆ." ಕೋಣೆಯ ಗಾಜಿನ ಕಿಟಕಿಯ ಆಚೆಯಿಂದ, ಗೋಡೆಯ ಸ್ಪೀಕರಿನಲ್ಲಿ ಅವಳ ಸಹಾಯಕನ ದನಿ. ಸಭ್ಯ ಮನುಷ್ಯ. ನಿಜ ಹೇಳಬೇಕಾದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದ.

"ಹಾಗಾದ್ರೆ ಬೇರೆ ಮೆಕ್ಯಾನಿಕ್ಕನ್ನ ಕರೀರಿ."

ಅವನು ಕನ್ನಡಕ ಒರೆಸಿಕೊಂಡ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಊಟ ಬಿಟ್ಟು ಎದುರು ಬೀದಿಯ ಕ್ಲಿನಿಕ್ಕಿಗೆ ಹೋದಳು. ಕಾಯುವವರ ಸಾಲಿನಲ್ಲಿ ಬಸುರಿಯರೇ ಹೆಚ್ಚು. ಒಬ್ಬಳು ಎದ್ದು ಜಾಗ ಬಿಟ್ಟುಕೊಟ್ಟಳು. ಬಸುರಿ ತನಗೆ ಜಾಗ ಬಿಡುವಂತಾಯಿತಲ್ಲ ಎಂದು ಅವಳಿಗೆ ಮೈಯುರಿಯಿತು. ನಿಂತೇ ಇದ್ದಳು.

ಡಾಕ್ಟರು ಅವಳಿಗಿಂತ ಚಿಕ್ಕವಳು. ಎದೆಯ ಪರೀಕ್ಷೆಯ ಚಿತ್ರವನ್ನು ದೀಪಕ್ಕೆ ಹಿಡಿದು, "ಏನೂ ಇಲ್ಲ, ಚೆನ್ನಾಗಿದೆ" ಎಂದಳು. "ಹಾರ್ಮೋನ್ ಚಿಕಿತ್ಸೆ ಶುರು ಮಾಡೋದಾದ್ರೆ ಇದೇ ಒಳ್ಳೇ ವಯಸ್ಸು. ಚರ್ಮಕ್ಕೆ ಅಂಟಿಸೋ ಪಟ್ಟಿ, ರಾತ್ರಿ ಒಂದು ಮಾತ್ರೆ. ಬಿಸಿ ಏಳೋದು ತುಂಬಾ ಕಮ್ಮಿಯಾಗುತ್ತೆ. ನಿದ್ದೆ ಬರುತ್ತೆ. ಮೂಳೆಗೂ ಒಳ್ಳೇದು."

"ಅಪಾಯ?"

"ಇದೆ. ವರ್ಷಗಟ್ಟಲೆ ತಗೊಂಡ್ರೆ ಎದೆ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಹೆಚ್ಚುತ್ತೆ. ಸಣ್ಣ ಹೆಚ್ಚಳ, ಆದ್ರೆ ಇಲ್ಲ ಅನ್ನೋ ಹಾಗಿಲ್ಲ. ರಕ್ತ ಹೆಪ್ಪುಗಟ್ಟೋ ಭಯ, ಎಲ್ಲಾನೂ ಮಾತ್ರೆಯಲ್ಲೇ ನುಂಗೋದಕ್ಕೆ ಹೋಲಿಸಿದ್ರೆ, ಪಟ್ಟಿಯಲ್ಲಿ ಕಮ್ಮಿ."

"ಸಣ್ಣ ಅಂದ್ರೆ ಎಷ್ಟು ಸಣ್ಣ?"

"ಸಾವಿರ ಜನರ ಲೆಕ್ಕ ಹೇಳ್ಬಹುದು. ನಿಮ್ಮೊಬ್ಬರದು ಯಾರೂ ಹೇಳೋಕಾಗಲ್ಲ."

"ನಾನು ಒಬ್ಬಳೇ ತಾನೇ ಬಂದಿರೋದು."

ಡಾಕ್ಟರು ನಕ್ಕಳು. "ನಿಮ್ಮ ಚಿಕ್ಕಮ್ಮನಿಗೆ ಆಗಿತ್ತು ಅಂದ್ರಲ್ಲ, ಅದನ್ನೂ ಲೆಕ್ಕಕ್ಕೆ ತಗೊಂಡೇ ಹೇಳ್ತಿದೀನಿ. ಬೇಕು ಅಂದ್ರೂ ತಪ್ಪಿಲ್ಲ, ಬೇಡ ಅಂದ್ರೂ ತಪ್ಪಿಲ್ಲ. ನೀವೇ ತೂಗಿ ನೋಡಿ."

ತೂಗುವವಳಿಗೆ ತೂಗಿ ನೋಡು ಎನ್ನುತ್ತಾಳೆ, ಕೈಗೊಂದು ಬಟ್ಟು ಕೊಡದೆ. ಡಾಕ್ಟರು ಕೊಟ್ಟ ಪಟ್ಟಿ, ಮಾತ್ರೆಗಳ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಗೆ ಬಂದಳು.

ಚಿಕ್ಕಮ್ಮ ಇಂಥದ್ದೇ ಮಾತ್ರೆ ನುಂಗಿದವಳು. ಐವತ್ತೈದರಲ್ಲಿ ಈಜು ಕಲಿತಳು, ಎಲ್ಲರೂ ಬೆರಗಾದರು. ಆಮೇಲೆ ಒಂದು ಸ್ತನ ತೆಗೆದರು. ಮಾತ್ರೆಯಿಂದಲೇ ಎಂದು ಯಾವ ವೈದ್ಯರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಮ್ಮ ಏನನ್ನೂ ನುಂಗಲಿಲ್ಲ. "ಹೆಣ್ಣಿಗೆ ಬರೋದೇ, ಹಲ್ಲು ಕಚ್ಕೊಂಡಿರ್ಬೇಕು" ಎಂದು ಹಲ್ಲು ಕಚ್ಚಿಯೇ ಇದ್ದಳು. ಬಿದ್ದ ಲೋಟವೊಂದನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಮುರಿದುಕೊಂಡಳು. ಮತ್ತೆ ಏಳಲಿಲ್ಲ. ಅತ್ತ ದರಿ, ಇತ್ತ ಪುಲಿ. ಇಬ್ಬರನ್ನು ಎರಡು ತಟ್ಟೆಯಲ್ಲಿ ಕೂರಿಸಿ ನೋಡಿದಳು. ಇಬ್ಬರೂ ಅವಳನ್ನೇ ನೋಡುತ್ತಿದ್ದರು.

ಬೀದಿಯ ಮೂಲೆಯಿಂದ ಗಂಡನಿಗೆ ಫೋನ್ ಮಾಡಿದಳು.

"ಏನಂದ್ರು?"

"ಎರಡೂ ಸರಿಯಂತೆ."

"ಮತ್ತಿನ್ನೇನು. ನಿನ್ನಿಷ್ಟ."

"ನಿಮಗೇನನ್ಸುತ್ತೆ?"

"ನನಗೇನ್ ಗೊತ್ತಾಗುತ್ತೆ. ಫ್ಯಾನ್ ಹಾಕಿದ್ರೆ ನನಗೆ ಚಳಿ, ಆರಿಸಿದ್ರೆ ನಿನಗೆ ಸೆಕೆ. ಅದಕ್ಕೇ ಬೇರೆ ಕೋಣೆಗೆ ಹೋದ್ನಲ್ಲ. ಈಗ ಇಬ್ಬರಿಗೂ ನಿದ್ದೆ."

ತನಗೆ ನಿದ್ದೆಯಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದರೆ ಕೇಳಿಕೊಂಡ ಹಾಗಾಗುತ್ತದೆ. ಕೇಳಿ ಪಡೆದು ಅವಳಿಗೆ ಅಭ್ಯಾಸವಿರಲಿಲ್ಲ.

ಮಧ್ಯಾಹ್ನದ ಮೇಲೆ ಮತ್ತೆ ಒಳಗೆ ಹೋಗಿ ಕುಳಿತಳು. ಹೊಸ ಬಟ್ಟು ಇಂದೇ ಮುಗಿಯಬೇಕು. ಮುಗಿಯದಿದ್ದರೆ ಈ ಕೆಲಸವನ್ನು ಕೋಲಿನವರಿಗೆ ಕೊಡುವುದೆಂದು ನಿರ್ದೇಶಕರು ಹೇಳಿಕಳಿಸಿದ್ದರು. ಬಹಳ ಗೌರವದಿಂದಲೇ ಹೇಳಿಕಳಿಸಿದ್ದರು.

ಕಾದಳು. ಮುಳ್ಳಿನ ತೂಗಾಟ ಕಿರಿದಾಗುತ್ತ ಬಂತು. ಇನ್ನೇನು ನಿಲ್ಲಬೇಕು, ಎದೆಯೊಳಗೆ ಒಲೆ ಹತ್ತಿತು.

"ಮೇಡಂ." ಸ್ಪೀಕರು. "ನಾಲ್ಕು ಮೂಲೆಯ ಥರ್ಮಾಮೀಟರೂ ಸರಿಯಾಗಿವೆ. ಕುರ್ಚಿ ಹತ್ತಿರದ್ದು ಮಾತ್ರ ಏರ್ತಿದೆ."

"ಅದು ಕೆಟ್ಟಿದೆ. ಬದಲಾಯಿಸಿ."

"ಹೋದ ವಾರಾನೇ ಬದಲಾಯಿಸಿದ್ವಿ. ಅದರ ಹಿಂದಿನ ವಾರಾನೂ."

ಗಾಜಿನಾಚೆ ಅವನು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಒರೆಸುತ್ತಲೇ ಇದ್ದ. ಅವನಿಗೆ ಗೊತ್ತಿದೆ ಎಂದು ಅವಳಿಗೆ ಹೊಳೆಯಿತು. ಎಷ್ಟೋ ದಿನದಿಂದ ಗೊತ್ತಿದೆ. ಅವನು ಅವಳ ಮರ್ಯಾದೆ ಕಾಯುತ್ತಿದ್ದಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹರಾಯ ಅವಳಿಗಾಗಿ ವಾರಕ್ಕೊಮ್ಮೆ ನೆಲ ಅಗೆಸುತ್ತಿದ್ದ. ಆ ಕರುಣೆಯನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಎದ್ದು ನಿಂತಳು. ತೂಗುವ ಹೊತ್ತಿನಲ್ಲಿ ಅವಳು ಎದ್ದದ್ದು ಅದೇ ಮೊದಲು.

"ಥರ್ಮಾಮೀಟರ್ ಸರಿಯಾಗಿದೆ" ಎಂದಳು. "ಶಾಖ ನನ್ನದು. ನನ್ನ ಮುಟ್ಟು ನಿಂತಿದೆ. ಏರುಪೇರಿಗೆ ಕಾರಣ ತೂಗುವವಳು ಅಂತ ಬರ್ಕೊಳ್ಳಿ."

"ಅಯ್ಯೋ, ಹಾಗೆಲ್ಲ ಯಾಕೆ ಬರೀಬೇಕು ಮೇಡಂ..."

"ತಪ್ಪು ಎಲ್ಲಿಂದ ಬಂತು ಅಂತ ಬರೆಯದೇ ಇರೋದು ನಮ್ಮ ಕೆಲಸದಲ್ಲಿ ಕಳ್ಳತನ. ಬರೀರಿ."

ಅವನು ಬರೆದ. ಅವಳಿಗೆ ನಾಚಿಕೆಯಾಗಲಿಲ್ಲ. ಬದಲಿಗೆ, ವರ್ಷಗಳಿಂದ ತಾನು ಮಾಡಿದ ಅಳತೆಗಳಲ್ಲೆಲ್ಲ ಇದೇ ಅತ್ಯಂತ ಖಚಿತವಾದದ್ದು ಎಂಬ ಹೆಮ್ಮೆ ಎದೆ ತುಂಬಿತು. ತಲೆ ಎತ್ತಿಕೊಂಡು ಹೊರಗೆ ಬಂದಳು. ಎರಡು ಬಾಗಿಲುಗಳನ್ನು ಒಂದಾದ ಮೇಲೊಂದು ತಾನೇ ಮುಚ್ಚಿದಳು.

ಸಹಾಯಕ ಪಕ್ಕಕ್ಕೆ ಸರಿದು ಕೋಲಿನ ಹಿಡಿಯನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಮುಟ್ಟಲಿಲ್ಲ. "ನೀವೇ ತಿರುಗಿಸಿ" ಎಂದಳು.

ಗಾಜಿನಾಚೆ ಖಾಲಿ ಕುರ್ಚಿ. ಅದರ ಪಕ್ಕದ ಥರ್ಮಾಮೀಟರು ಇಳಿಯಿತು. ತಟ್ಟೆಗಳು ಒಮ್ಮೆ ಉಸಿರಾಡಿದಂತಾಗಿ ಸುಮ್ಮನಾದವು. ಮುಳ್ಳು ನಿಂತಿತು. ಅವಳು ಒಳಗಿದ್ದ ಅಷ್ಟೂ ವರ್ಷಗಳಲ್ಲಿ ಅದು ಅಷ್ಟು ನಿಶ್ಚಲವಾಗಿ ನಿಂತದ್ದನ್ನು ಅವಳು ಕಂಡಿರಲಿಲ್ಲ.

"ಅದ್ಭುತ ಮೇಡಂ!" ಎಂದು ಸಹಾಯಕ ಖುಷಿಯಿಂದ ಕೂಗಿ, ನಾಲಿಗೆ ಕಚ್ಚಿಕೊಂಡ.

ಅವಳ ಒಂದು ಕೈ ಚೀಲದೊಳಗಿನ ಪೊಟ್ಟಣದ ಮೇಲಿತ್ತು. ಒಡೆದಿರಲಿಲ್ಲ. ಅಂಟಿಸಿಕೊಂಡರೆ ಆ ಕುರ್ಚಿ ಮತ್ತೆ ಅವಳದು. ಕೋಣೆ ಮತ್ತೆ ಅವಳನ್ನು ಮರೆಯುತ್ತದೆ. ಕತ್ತಿನ ಹಿಂದೆ ಶಾಖ ಏಳತೊಡಗಿತು. ಅವಳು ಇನ್ನೊಂದು ಕೈಯ ಅಂಗೈಯನ್ನು, ಬೆರಳುಗಳನ್ನೆಲ್ಲ ಬಿಡಿಸಿ, ತಣ್ಣನೆಯ ಗಾಜಿಗೆ ಒತ್ತಿ ಹಿಡಿದಳು. ಒಳಗೆ ಮುಳ್ಳು ಅಲುಗುವುದೇ ಎಂದು ಕಾಯುತ್ತ ನಿಂತಳು.