ಚಮೇಲಿಯ ಸಕ್ಕರೆ

ನಮ್ಮ ಮನೆಯವರಿಗೆ ಮಣ್ಣು ಕೊಟ್ಟು ಬಂದ ಸಂಜೆಯಿಂದ ಚಮೇಲಿ ಗೋದಲಿಗೆ ಮೂತಿ ಹಚ್ಚಲಿಲ್ಲ. ಚಮೇಲಿ ಎಂದರೆ ಅವರ ಟಾಂಗಾದ ಕುದುರೆ. ಹಗಲು ಹೊರಗೆ ಕಟ್ಟಿದರೆ ಅಲ್ಲಿ ಇಲ್ಲಿ ಒಂದಿಷ್ಟು ಗರಿಕೆ ಕಿತ್ತುಕೊಳ್ಳುತ್ತಿತ್ತು, ನೀರು ಕುಡಿಯುತ್ತಿತ್ತು. ಆದರೆ ಹೊತ್ತು ಮುಳುಗಿದ ಮೇಲೆ ಗೋದಲಿಗೆ ಹುಲ್ಲು ಹಾಕಿದೆನೋ, ಮುಖ ಎತ್ತಿ ಬಾಗಿಲ ಕಡೆ ನೋಡುತ್ತ ನಿಂತುಬಿಡುತ್ತಿತ್ತು. ಬೆಳಿಗ್ಗೆ ನೋಡಿದರೆ ಹುಲ್ಲು ಹಾಕಿದ ಹಾಗೆಯೇ ಇರುತ್ತಿತ್ತು.

ಗಂಡ ಸತ್ತವಳು ನಾನು, ಉಪವಾಸ ಹಿಡಿದದ್ದು ಕುದುರೆ! ಸಿಟ್ಟು ಬಾರದೆ ಏನಾಗಬೇಕು?

“ಏ ಹುಚ್ಚ ಮುಂಡೇದೇ, ತಿನ್ನು. ಅವ್ರು ಬರಂಗಿಲ್ಲ. ಜ್ವರ ಬಂದು ಹೋಗ್ಯಾರ. ನಾನೇ ಕಣ್ಣಾರೆ ನೋಡೀನಿ,” ಎಂದು ಬೈದೆ. ಅದು ಕಿವಿ ಆಡಿಸಿ ಮತ್ತೆ ಬಾಗಿಲನ್ನೇ ನೋಡಿತು.

ನಮ್ಮ ಮನೆ ಕಲಬುರಗಿಯಲ್ಲಿ, ಶರಣಬಸಪ್ಪನ ಗುಡಿಯ ಹಿಂದಿನ ಓಣಿಯಲ್ಲಿತ್ತು. ಮೇಲೆ ಮಣ್ಣಿನ ಮಾಳಿಗೆ, ಒಳಗೆ ಒಂದು ಅಡುಗೆಮನೆ, ಅದಕ್ಕೆ ಹತ್ತಿಕೊಂಡು ಕುದುರೆಯ ಕೊಟ್ಟಿಗೆ. ನಡುವೆ ಒಂದು ಮಣ್ಣಿನ ಗೋಡೆ. ಮನೆಯವರು ಹಗಲೆಲ್ಲ ಟೇಶನ್ನಿನಿಂದ ನಿಜಾಮ್ ಸರಕಾರದ ಕಚೇರಿಗೆ ಜನರನ್ನು ಒಯ್ದು ತಂದು, ಸಂಜೆ ಟಾಂಗಾ ಬಿಚ್ಚಿ ಕೊಟ್ಟಿಗೆ ಹೊಕ್ಕರೆಂದರೆ ಹೆಂಡತಿಯ ನೆನಪೇ ಇರುತ್ತಿರಲಿಲ್ಲ. ಕುದುರೆಯ ಮೈ ತಿಕ್ಕುತ್ತ ದಖನಿ ಉರ್ದುವಿನಲ್ಲಿ ಗುಣುಗುಣು ಮಾತು. ನನಗೆ ದಖನಿ ಬಜಾರಿಗೆ ಸಾಕಾಗುವಷ್ಟು ಬರುತ್ತಿತ್ತು, ಗೋಡೆಯ ಆಚೆಯಿಂದ ತಿಳಿಯುವಷ್ಟಲ್ಲ. ಎರಡೇ ಮಾತು ನನ್ನ ಕಿವಿಗೆ ಬೀಳುತ್ತಿದ್ದವು. ಒಂದು ನನ್ನ ಹೆಸರು, ಸೂಗಿ. ಇನ್ನೊಂದು ಶಕ್ಕರ್. ಅದಾದ ಮೇಲೆ ಚಮೇಲಿ ಕರಕರ ಮೆಲ್ಲುವ ಸಪ್ಪಳ.

ಶಕ್ಕರ್ ಅಂದರೆ ಸಕ್ಕರೆ. ನಮ್ಮ ಮನೆಯಲ್ಲಿ ಅದು ಹಬ್ಬಕ್ಕೆ ಮಾತ್ರ ನೆಲುವಿನಿಂದ ಕೆಳಗಿಳಿಯುವ ಪದಾರ್ಥ. ನಾನು ಕೇಳದೆ ಬಿಡುತ್ತೇನೆಯೇ?

“ಹೆಂಡ್ತಿ ಬೆಲ್ಲ ನೆಕ್ಕಬೇಕು, ಕುದುರಿಗಿ ಸಕ್ಕರಿ ಏನ್ರೀ?”

“ಎಲ್ಲಿ ಸಕ್ಕರಿ? ನಿನ್ನ ಬರಣಿ ನೋಡ್ಕೋ, ನಿನ್ನಂಗೇ ಗಲ್ಲಾ ಉಬ್ಬಿಸ್ಕೊಂಡು ಕುಂತದ,” ಎಂದು ನಗುತ್ತಿದ್ದರು.

ಬರಣಿ ತುಂಬಿಯೇ ಇರುತ್ತಿತ್ತು, ಖರೆ. ಬಜಾರಿನಿಂದ ಕದ್ದುಮುಚ್ಚಿ ತಂದು ತಿನ್ನಿಸುತ್ತಾರೆ ಎಂದುಕೊಂಡೆ. ಸೂಗಿ ಜಿಪುಣಿ, ಸಕ್ಕರೆ ಕೊಡುವುದಿಲ್ಲ ಎಂದು ಕುದುರೆಯ ಮುಂದೆ ನನ್ನ ಚಾಡಿ ಹೇಳುತ್ತಾರೆ ಎಂದೂ ಅಂದುಕೊಂಡೆ. ಈ ಜಗಳ ನಮ್ಮಿಬ್ಬರ ನಡುವೆ ಅವರಿರುವ ತನಕ ಮುಗಿಯಲಿಲ್ಲ.

ಈಗ ಬರಣಿ ಇಳಿಸಿದೆ. ಅಂಗೈ ತುಂಬ ಸಕ್ಕರೆ ಹಿಡಿದು ಚಮೇಲಿಯ ಬಾಯಿಗೆ ಒಡ್ಡಿದೆ. ಮೂಸಿ ನೋಡಿ ಮುಖ ತಿರುಗಿಸಿತು. ಹುಲ್ಲಿನ ಮೇಲೆ ಸುರಿದೆ. ಮರುದಿನ ಬೆಳಿಗ್ಗೆ ಗೋದಲಿಯ ತುಂಬ ಇರುವೆ.

ಪಕ್ಕೆಲುಬು ಕಾಣುವ ಹಾಗಾಯಿತು. ಪಕ್ಕದ ಮನೆಯ ಕಸ್ತೂರಿಬಾಯಿ ಬಂದು ಅದರ ಬೆನ್ನು ಸವರಿ ನಿಟ್ಟುಸಿರು ಬಿಟ್ಟಳು.

“ಸೂಗಮ್ಮ, ಇದು ಕಮಲಾಪುರದ ಫಕ್ರುದ್ದೀನ್ ಸಾಹೇಬನ ಮನ್ಯಾಗ ಹುಟ್ಟಿದ ಕುದುರಿ. ಅವನ ಬಲ್ಲಿ ಒಯ್ದು ಬಿಟ್ಟು ಬಾರವ್ವಾ. ನಿನ್ನ ಕಣ್ಣ ಮುಂದ ಸಾಯೂದು ಬ್ಯಾಡ. ಒಂದು ಸಾವು ಸಾಲದೇನು?”

ಸಾಕಾಗಿತ್ತು. ನನಗೆ ಮಕ್ಕಳಿರಲಿಲ್ಲ. ಅದೂ ಸತ್ತರೆ ಆ ಮನೆಯಲ್ಲಿ ಉಸಿರಾಡುವವಳು ನಾನೊಬ್ಬಳೇ. ಎಲ್ಲಾದರೂ ಬದುಕಿರಲಿ, ಕಮಲಾಪುರದಲ್ಲಾದರೂ ಸರಿ ಎಂದು ಹೊರಟೆ.

ಬಾಳೆಹಣ್ಣು ಇಳಿಸಿ ಕಮಲಾಪುರಕ್ಕೆ ಖಾಲಿ ಹೊರಟಿದ್ದ ಬಂಡಿಯ ಹಿಂದೆ ಚಮೇಲಿಯನ್ನು ಕಟ್ಟಿಕೊಂಡು ಹೋದೆ. ನಿತ್ರಾಣದ ಕುದುರೆ, ನಿಂತು ನಿಂತು ನಡೆಯಿತು. ದಾರಿಯಲ್ಲೇ ಒಂದು ಬೆಳಗಾಗಿ, ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಕೆಂಬಾಳೆಯ ತೋಟದ ಅಂಚಿನ ಮನೆಯಿಂದ ಫಕ್ರುದ್ದೀನ್ ಹೊರಗೆ ಬಂದ. ಗೋರಂಟಿ ಹಚ್ಚಿದ ಗಡ್ಡ, ಕಣ್ಣಿಗೆ ಪೊರೆ. ಚಮೇಲಿಯ ಕತ್ತು ಮುಟ್ಟಿಯೇ ಗುರುತು ಹಿಡಿದ.

“ನೀಲಕಂಠ ಎಲ್ಲಿ?” ಎಂದ.

ನಮ್ಮ ಮನೆಯವರು ಹೋದದ್ದನ್ನು ಹೇಳಿದೆ. ಅವನು ಹೊಸ್ತಿಲ ಮೇಲೆ ಕುಳಿತು ತನ್ನ ದೇವರ ಮಾತು ಏನೋ ಅಂದುಕೊಂಡ.

ಸಂಜೆಯ ನಮಾಜು ಮುಗಿಸಿ ಬಂದು, ಕುದುರೆಯ ಮುಂದೆ ಹುಲ್ಲು ಹಾಕಿ, ಅದರ ಕುತ್ತಿಗೆಯ ಮೇಲೆ ಕೈಯಿಟ್ಟ.

“ಚಮೇಲಿ, ಬೇಟಿ, ಇಷ್ಟು ದೂರ ನಡದು ಬಂದಿ. ಕಾಲು ನಾಕೂ ಸಲಾಮತ್, ನೆಟ್ಟಗ ಅವ. ಶುಕರ್.”

ಚಮೇಲಿ ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಕರಕರ, ಕರಕರ. ನಾನು ಹತ್ತಿರ ಹೋಗಿ ಹುಲ್ಲು ಕೆದಕಿ ನೋಡಿದೆ.

“ಸಕ್ಕರಿ ಯಾವಾಗ ಹಾಕಿದ್ರಿ ಸಾಹೇಬ್?”

“ಯಾ ಸಕ್ಕರಿ?”

“ಈಗ ಅಂದ್ರಲ್ರೀ, ಶಕ್ಕರ್ ಅಂತ. ನಮ್ಮವ್ರೂ ದಿನಾ ಅಂತಿದ್ರು.”

ಮುದುಕ ನಗಲಿಕ್ಕೆ ಬಾಯಿ ತೆರೆದವನು, ಗಂಡ ಸತ್ತವಳು ಎಂದು ನೆನೆದೋ ಏನೋ, ನಗು ನುಂಗಿಕೊಂಡ.

“ಶಕ್ಕರ್ ಅಲ್ಲ ಬೇಟಿ, ಶುಕರ್. ಉಪಕಾರ ಆತು ಅಂತ ಮೇಲಿನವಗ ಹೇಳೂದು. ಮರಿ ಇದ್ದಾಗಿಂದ ಇದಕ್ಕ ನಾ ಹಂಗೇ ರೂಢಿ ಹಾಕೀನಿ. ಇವತ್ತ ಏನು ಛಲೋ ಆತು ಅಂತ ಹೇಳೂದು, ಶುಕರ್ ಅನ್ನೂದು, ಆಮ್ಯಾಲೆ ಹುಲ್ಲು. ಮಾರುವಾಗ ನೀಲಕಂಠಗ ಎಲ್ಲಾ ತಿಳಿಸಿದ್ದೆ. ಬರೇ ಶುಕರ್ ಅಂದ್ರ ಇದು ತಿನ್ನಂಗಿಲ್ಲ. ಯಾತಕ್ಕಂತ ಹೇಳಬೇಕು.”

ಇಷ್ಟು ವರ್ಷ ಇಲ್ಲದ ಸಕ್ಕರೆಗೆ ಜಗಳವಾಡಿದ್ದೆ! ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಮುದುಕ ಎರಡಕ್ಕೂ ಕಾದ.

“ಇಲ್ಲೇ ಬಿಟ್ಟು ಹೋಗು. ನಾ ಇರೂತನಾ ನೋಡ್ಕೋತೀನಿ.”

“ಬಿಡದೇ ಏನ್ಮಾಡ್ಲಿ? ಗಂಡನ್ನ ಮಣ್ಣಾಗ ಇಟ್ಟಾಕಿ ನಾ. ನನಗೇನು ಛಲೋ ಆಗ್ಯಾದಂತ ಶುಕರ್ ಹೇಳ್ಲಿ?”

“ಸಾವಿಗಿ ಹೇಳು ಅಂದೆನೇನು? ಇವತ್ತಿಂದು ಹೇಳು. ಏನೂ ಇರಲಿಲ್ಲಂದ್ರ ಕೈಲಿಂದ ಏನರ ಒಂದು ಮಾಡು, ಅದನ್ನೇ ಹೇಳು.”

ಬಿಟ್ಟು ಬರಬೇಕೆಂದೇ ಹೋದವಳು. ಆದರೆ ಬೆಳಿಗ್ಗೆ ಚಮೇಲಿ ಬೆನ್ನು ನನ್ನ ಕಡೆ ಮಾಡಿ ನೆಮ್ಮದಿಯಾಗಿ ಮೆಲ್ಲುತ್ತಿರುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಅವರ ಕುದುರೆ ಇನ್ನೊಬ್ಬರ ಮನೆಯಲ್ಲಿ ಯಾಕೆ ತಿನ್ನಬೇಕು? ಎರಡು ದಿನ ಅದು ಹೊಟ್ಟೆ ತುಂಬ ತಿಂದು ಚೇತರಿಸಿಕೊಂಡ ಮೇಲೆ ಹಗ್ಗ ಬಿಚ್ಚಿ ಕರೆದುಕೊಂಡು ಬಂದೆ.

ಮನೆಗೆ ಬಂದ ಸಂಜೆ ಗೋದಲಿಗೆ ಹುಲ್ಲು ಹಾಕಿ, “ಶುಕರ್!” ಎಂದು ಒದರಿದೆ. ಚಮೇಲಿ ಬಾಗಿಲ ಕಡೆ ನೋಡಿತು.

“ಯಾತಕ್ಕಂತ ಕೇಳ್ತೀಯೇನು, ದೊಡ್ಡ ಸಾಹೇಬನ ಮಗಳೇ? ಹೋಗ್ಲಿ, ತಗೋ. ದಾರ್ಯಾಗ ಬಿದ್ದು ನನ್ನ ಮಾನ ಕಳೀಲಿಲ್ಲ ನೀನು. ಶುಕರ್.”

ತಿಂದಿತು. ನಾನು ಅಲ್ಲೇ ನೆಲದ ಮೇಲೆ ಕುಳಿತು, ಅವರು ಹೋದ ಮೇಲೆ ಮೊದಲ ಬಾರಿ ಬಾಯಿ ಬಿಟ್ಟು ಅತ್ತೆ.

ಮರುದಿನ ಮಧ್ಯಾಹ್ನವೇ ಚಿಂತೆ ಹತ್ತಿತು. ಸಂಜೆಗೆ ಏನು ಹೇಳಲಿ? ಗೋದಲಿಯ ಒಂದು ಅಂಚು ಒಡೆದು, ಅವರು ಅರ್ಧ ಮೆತ್ತಿ ಬಿಟ್ಟಿದ್ದರು. ಮಣ್ಣಿಗೆ ಹೊಟ್ಟು, ಕುದುರೆಯ ಲದ್ದಿ ಬೆರೆಸಿ ತುಳಿದು ಉಳಿದದ್ದನ್ನು ಮೆತ್ತಿದೆ. “ಲದ್ದಿಲೆ ಮೆತ್ತತಾರೇನೇ, ಅದೇನು ಆಕಳ ಸಗಣಿಯೇ?” ಎಂದು ಕಸ್ತೂರಿಬಾಯಿ ಮೂಗು ಮುಚ್ಚಿಕೊಂಡಳು. ಸಂಜೆ, “ಗೋದಲಿ ಆತು, ಶುಕರ್,” ಎಂದೆ. ಅದರ ಮರುದಿನ ಹೊರಸಿಗೆ ಹೊಸ ನುಲಿ ಹಗ್ಗ ಹೆಣೆದೆ. ಆಮೇಲೆ ನಡುಗೋಡೆಯ ಬಿರುಕು ಮೆತ್ತಿದೆ. ಮಳೆಗಾಲ ಹತ್ತಿರ ಬಂದಾಗ ಮಾಳಿಗೆಯ ಕೆಲಸ. ಪ್ರತಿ ವರ್ಷ ಅವರೇ ಹಳ್ಳದ ಕಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಿದ್ದರು. ಆ ಮಣ್ಣು ಇದ್ದರೆ ನೀರು ಇಳಿಯುವುದಿಲ್ಲ. ಈ ಸಲ ಚಮೇಲಿಯ ಬೆನ್ನಿಗೆ ಚೀಲ ಹೇರಿಕೊಂಡು ನಾನು ತಂದೆ. ನಿಚ್ಚಣಿಕೆ ಹತ್ತಿ ಹರಡಿ, ಬಡಿದು ಕೂರಿಸಿದೆ. ನನ್ನ ಕೆಲಸ ನೋಡಿ ಓಣಿಯವರು ತಮ್ಮ ಮಾಳಿಗೆಗೂ ಕರೆದರು. ಹೊಟ್ಟೆ ನಡೆಯಿತು.

ಇದರಿಂದ ದುಃಖ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಅದೇ ಮಣ್ಣು ಹಾಕುತ್ತೇನೆ. ಕಡಿಮೆಯಾಗಲಿಲ್ಲ. ಮಣ್ಣು ಹಿಡಿದಾಗಲೆಲ್ಲ ಅವರ ಮೇಲೆ ಹಾಕಿದ ಹಿಡಿ ಮಣ್ಣೇ ನೆನಪಾಗುತ್ತಿತ್ತು. ಆದರೆ ಸಂಜೆಗೊಂದು ಮಾತು ಇರುತ್ತಿತ್ತು, ಕುದುರೆ ತಿನ್ನುತ್ತಿತ್ತು, ಅದು ತಿಂದ ಮೇಲೆ ನಾನೂ ರೊಟ್ಟಿ ಮುರಿಯುತ್ತಿದ್ದೆ.

ಮೊದಲ ದೊಡ್ಡ ಮಳೆ ಹಗಲೆಲ್ಲ ಹೊಡೆಯಿತು. ಮಾಳಿಗೆ ತಡೆದುಕೊಂಡಿತು. ಆದರೆ ಓಣಿಯ ನೀರು ನುಗ್ಗಿ ನಡುಗೋಡೆಯ ಬುಡ ನೆನೆದು, ಹೊತ್ತು ಇಳಿಯುವಾಗ ನಾನು ಮೆತ್ತಿದ ಗೋಡೆ ಹಾಗೆಯೇ ಕುಸಿದು ಕೂತಿತು. ಗೋದಲಿ ಅದರಡಿಗೆ ಹೋಯಿತು. ಚಮೇಲಿ ಮೂಲೆಯಲ್ಲಿ ನಡುಗುತ್ತ ನಿಂತಿತ್ತು. “ನಮ್ಮನಿಗಿ ಬಾರೇ,” ಎಂದು ಕಸ್ತೂರಿಬಾಯಿ ಕೂಗಿದಳು. ನಾನು ಹೋಗಲಿಲ್ಲ. ರೊಟ್ಟಿ ಬುಟ್ಟಿ ಬರಿದು ಮಾಡಿ ಅದರಲ್ಲಿ ಒಣ ಹುಲ್ಲು ಹಾಕಿ ಕುದುರೆಯ ಮುಂದಿಟ್ಟೆ.

ಅದು ಬಾಗಿಲ ಕಡೆ ನೋಡುತ್ತ ಕಾಯಿತು.

“ಇವತ್ತ ಏನೂ ಇಲ್ಲ ಚಮೇಲಿ. ಮಾಡಿದ್ದೆಲ್ಲಾ ನೀರಾಗ ಹೋತು. ಏನೂ ಇಲ್ಲ ನನ್ನ ಬಲ್ಲಿ.”

ಅದು ಕಾಯುತ್ತಲೇ ಇತ್ತು. ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ ಎನ್ನಿಸಿತು. ನಾನು ಅದರ ಕುತ್ತಿಗೆಗೆ ಒರಗಿ, ಅವರು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆ. ಅಲ್ಲಿಂದ ನೋಡಿದರೆ, ಗೋಡೆ ಇಲ್ಲದ್ದಕ್ಕೆ, ಎದುರಿಗೇ ನನ್ನ ಒಲೆ ಉರಿಯುತ್ತಿತ್ತು. ಅವರು ಇಲ್ಲಿ ನಿಂತು ಗುಣುಗುಡುತ್ತಿದ್ದ ಹೊತ್ತಿಗೆ ನಾನು ಅಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದೆ, ಕಿವಿ ಇತ್ತ ಕೊಟ್ಟುಕೊಂಡು. ಏನು ಕೇಳಿಸುತ್ತಿತ್ತು? ಎರಡೇ ಮಾತು. ಸೂಗಿ. ಶಕ್ಕರ್.

ಶಕ್ಕರ್ ಅಲ್ಲವಲ್ಲ.

ಅಯ್ಯೋ ಶಿವನೇ! ಸೂಗಿ, ಶುಕರ್. ದಿನಾ ಸಂಜೆ. ಜಗಳವಾಡಿದ ದಿನವೂ. ಚಾಡಿಯಲ್ಲ ಅದು. ಯಾತಕ್ಕೆ ಎಂದು ಕುದುರೆ ಕೇಳಿದರೆ ಅವರಿಗೆ ಹೇಳಲಿಕ್ಕೆ ಇದ್ದದ್ದು ನಾನು.

ನಮ್ಮ ಓಣಿಯಲ್ಲಿ ಗಂಡನ ಹೆಸರು ಹೇಳುವ ಹೆಂಗಸಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಎಲ್ಲರ ಮುಂದೆ ನಾಚುತ್ತ ಹೇಳಿದ್ದೊಂದೇ ಸಲ. ಅವರ ಕಿವಿಗೆ ನನ್ನ ಬಾಯಿಂದ ಆ ಹೆಸರು ಮತ್ತೆ ಬೀಳಲೇ ಇಲ್ಲ. ಕುದುರೆಯ ಒದ್ದೆ ಕುತ್ತಿಗೆಯ ಮೇಲೆ ಕೈಯಿಟ್ಟೆ.

“ನೀಲಕಂಠ,” ಎಂದೆ. “ನೀಲಕಂಠ ಇದ್ದ. ಶುಕರ್.”

ಚಮೇಲಿ ಬಾಗಿಲು ನೋಡುವುದನ್ನು ಬಿಟ್ಟು ಬುಟ್ಟಿಗೆ ಮೂತಿ ಹಚ್ಚಿತು.